ಬಾದಾಮಿ ಗುಹೆಗಳು ಮತ್ತು "ಎಲ್ಲಾ ಧರ್ಮನೂ ನಿಜ"

ಬಾದಾಮಿಯ ಒಂದೇ ಗುಡ್ಡದಾಗ ಶಿವ, ವಿಷ್ಣು, ಜಿನ ಮೂವರೂ ಅದಾರ, ಹಂಗಾದ್ರ ಎಲ್ಲಾ ಧರ್ಮನೂ ನಿಜ ಅನ್ನಬಹುದಾ ಅಂತ ಕೇಳೀರಿ. ಅನ್ನಾಕ ಬರಂಗಿಲ್ರಿ. ಮೂರನೇ ಗುಹೆಯ 578ರ ಶಾಸನ ವಿಷ್ಣುಗುಡಿ ಮಾಡಿಸಿದ್ದನ್ನ ಹೇಳತೈತಿ. ವಿಷ್ಣು ಇದ್ದಾನೋ ಇಲ್ಲೋ ಅನ್ನೋದಕ್ಕ ಅದು ಸಾಕ್ಷಿ ಅಲ್ಲ.

ಧರ್ಮನ ಇಡಿಯಾಗಿ ತೂಗಬ್ಯಾಡ್ರಿ, ಒಂದೊಂದು ಮಾತು ಬಿಡಿಸಿ ನೋಡ್ರಿ. ಇತಿಹಾಸದ ಮಾತಿಗೆ ಶಾಸನ, ಆ ಕಾಲದ ಬರಹ ಬೇಕು. ತತ್ವದ ಮಾತಿಗೆ ತರ್ಕ: ಸೃಷ್ಟಿಕರ್ತ ಇಲ್ಲ ಅಂತದ ಜೈನ ಮತ, ಇದ್ದಾನ ಅಂತದ ಇಸ್ಲಾಂ. ಒಂದೇ ಅರ್ಥದಾಗ ಎರಡೂ ನಿಜ ಆಗಂಗಿಲ್ಲ. ಹಂಗಂತ ಎರಡೂ ಸುಳ್ಳು ಅನ್ನಾಕೂ ಬರಂಗಿಲ್ಲ.

ಇಲ್ಲಿ ಜೈನರ ಅನೇಕಾಂತವಾದ, ಅಂದ್ರ ಒಂದು ವಸ್ತುವಿಗೆ ಹಲವು ಮುಖ ಅದಾವ ಅನ್ನೋ ತತ್ವ, ಅಡ್ಡ ತರೋರು ಭಾಳ. ಅದು "ಎಲ್ಲಾ ಸಮ" ಅನ್ನಂಗಿಲ್ಲ. ಯಾವ ದೃಷ್ಟಿಯಿಂದ ಈ ಮಾತು ನಿಲ್ಲತೈತಿ, ಅದನ್ನ ಹೇಳು ಅಂತದ. ಸೃಷ್ಟಿಕರ್ತನ್ನ ಜೈನ ತಾರ್ಕಿಕರೇ ಖಂಡಿಸ್ಯಾರಲ್ಲ!

ಇನ್ನ ಅನುಭವದ ಮಾತು: ಉಪವಾಸದಿಂದ ಮನಸ್ಸು ಹಗುರಾದ್ರ ಉಪವಾಸ ಫಲ ಕೊಟ್ಟಂಗ, ಶಾಸ್ತ್ರ ಸಾಬೀತಾದಂಗಲ್ಲ. ಮನಸ್ಸು ಹಗುರಾತು ಅಂತ ಏಕಾದಶಿ ಮಾಡೋರೂ ರೋಜಾ ಹಿಡಿಯೋರೂ ಹೇಳತಾರ.