ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್‌ನ ಪಿಎಂಪಿ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್) ಪ್ರಮಾಣಪತ್ರದ ಪರೀಕ್ಷೆಗೆ ಪುಸ್ತಕ ಓದಿದರೆ ಸಾಕಾ?

ಸಾಲದು. ಅರ್ಜಿಗೆ ಬೇಕಾದ 35 ಗಂಟೆ ತರಬೇತಿ, ಪ್ರಾಜೆಕ್ಟ್ ನಡೆಸಿದ ಅನುಭವ ಒಂದು ಕಡೆ ಇರಲಿ. ಕಷ್ಟ ಇರುವುದು ಪ್ರಶ್ನೆಗಳಲ್ಲಿ. ವ್ಯಾಖ್ಯಾನಗಳನ್ನು ಸುಮ್ನೆ ಬಾಯಿಪಾಠ ಮಾಡಿದರೆ ಪ್ರಯೋಜನ ಕಡಿಮೆ, ಏಕೆಂದರೆ ಹೆಚ್ಚಾಗಿ ಸನ್ನಿವೇಶ ಕೊಟ್ಟು ಕೇಳುತ್ತಾರೆ. ತಂಡದ ಇಬ್ಬರಿಗೆ ಜಗಳ, ನೀವು ಮೊದಲು ಏನು ಮಾಡುತ್ತೀರಿ? ನಾಲ್ಕೂ ಉತ್ತರ ಸರಿ ಅನ್ನಿಸುತ್ತದೆ. ಅಲ್ಲಿ ‘ಮೊದಲು’ ಅನ್ನುವ ಪದವನ್ನು ಹಿಡಿಯಿರಿ. ನೇರವಾಗಿ ಮೇಲಿನವರಿಗೆ ದೂರು ಒಯ್ಯುವುದು ಸಾಮಾನ್ಯವಾಗಿ ತಪ್ಪು ಉತ್ತರ. ಇಬ್ಬರ ಜೊತೆ ಮಾತಾಡಿ ಕಾರಣ ತಿಳಿಯುವುದು ಸರಿ. ನಿಜವಾದ ಆಫೀಸಿನಲ್ಲಿ ಯಾವಾಗಲೂ ಹೀಗೆ ನಡೆಯುವುದಿಲ್ಲ ಅಲ್ವಾ? ಆ ಆಫೀಸಿನ ರೂಢಿಯನ್ನು ಪರೀಕ್ಷೆಯ ಹೊರಗೇ ಬಿಟ್ಟು ಬನ್ನಿ.

2021ರಲ್ಲಿ ಬಂದ ಮಾದರಿಯಲ್ಲಿ 180 ಪ್ರಶ್ನೆಗೆ 230 ನಿಮಿಷ. ಪೂರ್ತಿ ಮಾಕ್ ಟೆಸ್ಟ್ ಒಂದೇ ಸಲಕ್ಕೆ ಕೂತು ಬರೆಯಿರಿ. ಆಮೇಲೆ ತಪ್ಪಾದವು ಏಕೆ ತಪ್ಪಾದವು ಅಂತ ನೋಡಲು ಅದಕ್ಕಿಂತ ಜಾಸ್ತಿ ಹೊತ್ತು ಕೊಡಿ.