ಆಕಾಶಕ್ಕೆ ಗಂಧಕ ಸಿಂಪಡಿಸಿ ಭೂಮಿಯನ್ನು ತಂಪಾಗಿಸಲು ಏಕೆ ಮುಂದಾಗುತ್ತಿಲ್ಲ?

ಗಂಧಕದ ಕಣಗಳನ್ನು ಮೇಲಕ್ಕೆ ಹಾರಿಸಿ, ಅವುಗಳಿಂದ ಬಿಸಿಲಿನ ಒಂದು ಪಾಲನ್ನು ಹಿಂದಕ್ಕೆ ಚಿಮ್ಮಿಸಿ ಭೂಮಿಯನ್ನು ತಂಪಾಗಿಸಬಹುದಾದರೆ ಇಷ್ಟು ದಿನ ಏಕೆ ಮಾಡಿಲ್ಲ, ಅದನ್ನು ತಡೆಯುವ ಕಾನೂನು ಇದೆಯೇ ಎಂದು ಕೇಳಿದ್ದೀರಿ. ತಂಪಾಗುತ್ತದೆ ಎಂಬುದರಲ್ಲಿ ಸಂಶಯವಿಲ್ಲ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸುಮಾರು 1.5 ಕೋಟಿ ಟನ್ ಸಲ್ಫರ್ ಡೈಆಕ್ಸೈಡನ್ನು ಉಗುಳಿದ ಮರುವರ್ಷ ಜಗತ್ತಿನ ಸರಾಸರಿ ಉಷ್ಣಾಂಶ ಹೆಚ್ಚುಕಡಿಮೆ ಅರ್ಧ ಡಿಗ್ರಿ ಇಳಿದಿತ್ತು. ಆದರೆ ಅದೇ ಅವಧಿಯಲ್ಲಿ ನೆಲದ ಮೇಲೆ ಬಿದ್ದ ಮಳೆಯೂ ಕುಗ್ಗಿತ್ತು. ಮಲ್ಪೆಯವನಾದ ನನ್ನ ಚಿಂತೆ ಇರುವುದು ಅಲ್ಲಿಯೇ.

ಜೂನ್, ಜುಲೈನಲ್ಲಿ ಇಲ್ಲಿನ ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ಕಟ್ಟಿಹಾಕಿರುತ್ತವೆ, ಶೆಡ್ಡುಗಳಲ್ಲಿ ಬಲೆ ಹೆಣೆಯುವ ಕೆಲಸ ನಡೆದಿರುತ್ತದೆ. ಆಗ ಮುಂಗಾರಿನ ಗಾಳಿ ಮೇಲ್ಪದರದ ನೀರನ್ನು ದಡದಿಂದ ದೂರ ಸರಿಸುವುದರಿಂದ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುತ್ತದೆ, ಮತ್ತು ಅದರಲ್ಲಿ ಬೆಳೆಯುವ, ನೀರಿನಲ್ಲಿ ತೇಲುವ ಪುಟ್ಟ ಜೀವಿಗಳಾದ ಪ್ಲವಕಗಳನ್ನು ತಿಂದೇ ನಮ್ಮ ಬೂತಾಯಿ ಮೀನು ಕೊಬ್ಬುತ್ತದೆ. ನೆಲಕ್ಕೂ ಕಡಲಿಗೂ ಇರುವ ಬಿಸಿಯ ವ್ಯತ್ಯಾಸವೇ ಮುಂಗಾರನ್ನು ಎಳೆದು ತರುವುದರಿಂದ, ಬಿಸಿಲಿಗೆ ಅಡ್ಡಿಯಾದರೆ ಕೆಡುವುದು ಗದ್ದೆಯ ಲೆಕ್ಕವಷ್ಟೇ ಅಲ್ಲ.

ಕಡಲಿನಲ್ಲೇ ಇಂಗಾಲವನ್ನು ಹೂಳುವ ಇನ್ನೊಂದು ದಾರಿಯಲ್ಲಿ ಭಾರತವೂ ಕೈಯಿಟ್ಟಿತ್ತು. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ 2009ರಲ್ಲಿ ಜರ್ಮನಿಯ ವಿಜ್ಞಾನಿಗಳೊಡನೆ ಲೋಹಾಫೆಕ್ಸ್ ಎಂಬ ಪ್ರಯೋಗದಲ್ಲಿ ದಕ್ಷಿಣ ಸಾಗರದ ಸುಮಾರು 300 ಚದರ ಕಿಲೋಮೀಟರ್ ನೀರಿಗೆ ಕಬ್ಬಿಣದ ಸಲ್ಫೇಟನ್ನು ಕರಗಿಸಿ ಬಿಟ್ಟಿತು. ಕಬ್ಬಿಣದಿಂದ ಬೆಳೆಯುವ ಪಾಚಿ ಇಂಗಾಲವನ್ನು ಹೀರಿ, ಸತ್ತ ಮೇಲೆ ಅದರೊಡನೆ ತಳ ಸೇರಲಿ ಎಂಬುದು ಲೆಕ್ಕ. ಪಾಚಿ ಬೆಳೆಯಿತು, ಬೆಳೆದಂತೆಲ್ಲ ಸಿಗಡಿಯ ಬಳಗದ ಪುಟ್ಟ ಜೀವಿಗಳು ಅದನ್ನು ಮೇಯ್ದುಬಿಟ್ಟವು. ತಳ ಸೇರಿದ ಇಂಗಾಲ ಅತ್ಯಲ್ಪ. (ಹಸಿದವರ ಮುಂದೆ ಎಲೆ ಹಾಕಿದ ಹಾಗಾಯಿತು.) ನನ್ನ ದೃಷ್ಟಿಯಲ್ಲಿ ಆ ಪ್ರಯೋಗ ವ್ಯರ್ಥವಲ್ಲ: ಕಾಗದದ ಮೇಲೆ ಸರಿಹೋದ ಲೆಕ್ಕ ಕಡಲಿನಲ್ಲಿ ಸರಿಹೋಗದಿರಬಹುದೆಂದು ಅಗ್ಗದಲ್ಲಿ ತಿಳಿಯಿತು.

ಕಾನೂನಿನ ವಿಷಯ ಬಹಳ ಸಡಿಲವಾಗಿದೆ. ಜೀವವೈವಿಧ್ಯ ಒಪ್ಪಂದದ ದೇಶಗಳು 2010ರಲ್ಲಿ ಜಪಾನಿನ ನಗೋಯಾದಲ್ಲಿ, ಹವಾಮಾನವನ್ನು ಬದಲಿಸುವ ಇಂಥ ಪ್ರಯತ್ನಗಳ ಪೈಕಿ ಸಣ್ಣ ಸಂಶೋಧನೆಗಳನ್ನು ಬಿಟ್ಟು ಉಳಿದದ್ದಕ್ಕೆ ತಡೆ ಹೇಳಿದವು, ಆದರೆ ಆ ನಿರ್ಣಯ ಯಾರನ್ನೂ ಕಟ್ಟಿಹಾಕುವುದಿಲ್ಲ. ಕಡಲಿಗೆ ತ್ಯಾಜ್ಯ ಸುರಿಯುವುದನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದವಾದ ಲಂಡನ್ ಪ್ರೋಟೋಕಾಲಿಗೆ 2013ರಲ್ಲಿ ತಂದ, ಸಮುದ್ರಕ್ಕೆ ಕಬ್ಬಿಣ ಸುರಿಯುವುದನ್ನು ನಿಯಂತ್ರಿಸುವ ತಿದ್ದುಪಡಿ, ಸಾಕಷ್ಟು ದೇಶಗಳ ಒಪ್ಪಿಗೆ ದೊರೆಯದೆ ಜಾರಿಗೆ ಬಂದಿಲ್ಲ. ಮೆಕ್ಸಿಕೊದಲ್ಲಿ ಒಂದು ಪುಟ್ಟ ಕಂಪನಿ ಯಾರನ್ನೂ ಕೇಳದೆ ಗಂಧಕದ ಬಲೂನು ಹಾರಿಸಿದ ಮೇಲೆ, 2023ರಲ್ಲಿ, ಆ ಸರ್ಕಾರ ಇಂಥ ಪ್ರಯೋಗಗಳನ್ನು ನಿಷೇಧಿಸುವುದಾಗಿ ಹೇಳಿತು.

ಒಮ್ಮೆ ಆರಂಭಿಸಿದರೆ ದಶಕಗಳ ಕಾಲ ನಿಲ್ಲಿಸುವಂತಿಲ್ಲ, ಏಕೆಂದರೆ ಇಂಗಾಲ ಮೇಲೆಯೇ ಉಳಿದಿದ್ದು, ಸಿಂಪಡಣೆ ನಿಂತ ಕೆಲವೇ ವರ್ಷಗಳಲ್ಲಿ ತಡೆಹಿಡಿದ ಬಿಸಿಯೆಲ್ಲ ಒಟ್ಟಿಗೆ ಎರಗುತ್ತದೆ. ಪ್ರಯೋಗಾಲಯದ ಅಧ್ಯಯನ ನಡೆಯಲಿ ಎನ್ನುವವನು ನಾನು. ಆಕಾಶಕ್ಕೆ ಹೋಗುವ ಮೊದಲು ಮಾತ್ರ ಮುಂಗಾರನ್ನು ನಂಬಿದ ದೇಶಗಳಿಗೆ ಬೇಡವೆನ್ನುವ ಹಕ್ಕು ಬರಹದಲ್ಲಿ ಇರಬೇಕು.