ಕಟ್ಟು ಸಾಲದು, ಕಾಳನ್ನೂ ಬಡಿಸಿ

55 ಕಿಲೋ ತೂಕದ, ಸಸ್ಯಾಹಾರಿಯಾದ 62ರ ತಾಯಿಗೆ ಪ್ರೋಟೀನ್ ಪುಡಿ ತರಲೇ ಎಂದು ಕೇಳಿದ್ದೀರಿ. ಡಬ್ಬ ಕೊಳ್ಳುವ ಮೊದಲು ತಟ್ಟೆಯ ಲೆಕ್ಕ ನೋಡೋಣ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ನಿಮ್ಮ ತಾಯಿಗೆ ಸುಮಾರು 46 ಗ್ರಾಂ. ನೀವು ಬರೆದಿರುವ ಎರಡು ಮುದ್ದೆಯಿಂದ (150 ಗ್ರಾಂ ರಾಗಿ ಹಿಟ್ಟು ಎಂದುಕೊಂಡರೆ) 11, ಅನ್ನದಿಂದ 7, ಬಟ್ಟಲು ಮೊಸರಿನಿಂದ 6 ಗ್ರಾಂ ಸಿಗಬಹುದು. ಇನ್ನು ತಿಳಿಸಾರು? ಅದರಲ್ಲಿ ಬೇಳೆಯ ಬಣ್ಣವಷ್ಟೇ. ಬಸ್ಸಾರಿನ ದಿನ ಕಾಳಿನ ಪಲ್ಯವನ್ನು ಮಕ್ಕಳಿಗೆ ಬಡಿಸಿ ತಾವು ಕಟ್ಟಿನ ಸಾರಿನಲ್ಲೇ ಊಟ ಮುಗಿಸುವ ತಾಯಂದಿರನ್ನು ಬಹಳ ಕಂಡಿದ್ದೇನೆ, ನಮ್ಮ ಅತ್ತೆಯೂ ಹಾಗೆಯೇ. ಪ್ರೋಟೀನಿನ ಬಹುಪಾಲು ಉಳಿಯುವುದು ಕಾಳಿನಲ್ಲಿ.

ಹಾಗಾಗಿ 50 ಗ್ರಾಂ ಹುರುಳಿ ಅಥವಾ ಹೆಸರುಕಾಳು (11 ಗ್ರಾಂ), 30 ಗ್ರಾಂ ತೊಗರಿಬೇಳೆಯ ಗಟ್ಟಿ ಹುಳಿ (6 ಗ್ರಾಂ), ಒಂದು ಹಿಡಿ ಕಡಲೆಕಾಯಿ ಬೀಜ (6 ಗ್ರಾಂ) ಸೇರಿಸಿ, ಲೆಕ್ಕ ತುಂಬಿತು. ಪ್ರೋಟೀನ್ ರೂಪುಗೊಳ್ಳುವುದು ಅಮೈನೋ ಆಮ್ಲಗಳೆಂಬ ಘಟಕಗಳಿಂದ; ಅವುಗಳಲ್ಲಿ ಧಾನ್ಯದಲ್ಲಿ ಕಡಿಮೆಯಿರುವ ಲೈಸಿನ್ ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆಯಿರುವ ಮೆಥಿಯೋನಿನ್ ಧಾನ್ಯದಲ್ಲಿದೆ. ಎಲ್ಲವನ್ನೂ ರಾತ್ರಿಯೂಟಕ್ಕೆ ತುಂಬಬೇಡಿ, ಬೆಳಗ್ಗೆಯೇ ಕಾಳಿನ ಉಸಲಿ ಅಥವಾ ಪೆಸರಟ್ಟು ಮಾಡಿಕೊಡಿ. ಹಲ್ಲಿಗೆ ತೊಂದರೆಯಿದ್ದರೆ ಮೊಳಕೆ ಕಟ್ಟಿ ಮೆತ್ತಗೆ ಬೇಯಿಸಿ.

ಒಂದು ಎಚ್ಚರಿಕೆ: ಸಕ್ಕರೆ ಕಾಯಿಲೆ ಇದೆ ಎಂದಿದ್ದೀರಲ್ಲ, ಮೊದಲು ಮೂತ್ರಪಿಂಡದ ಪರೀಕ್ಷೆ ಮಾಡಿಸಿ. ಅದರಲ್ಲಿ ಏರುಪೇರಿದ್ದರೆ ವೈದ್ಯರನ್ನು ಕೇಳದೆ ಕಾಳನ್ನೂ ಹೆಚ್ಚಿಸಬೇಡಿ, ಪುಡಿಯನ್ನೂ ಕೊಡಬೇಡಿ.